ಮುಂಗಡ ಕೊಡುವ ಮುನ್ನ

ಬೆಂಗಳೂರಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟಿದ್ದೀರಾ? ಬ್ರೋಷರ್‌ನಲ್ಲಿ ‘ಲೇಕ್ ವ್ಯೂ’ ಎಂದಿದ್ದರೆ ಜೋರು ಮಳೆಯ ಮರುದಿನ ಆ ಜಾಗಕ್ಕೊಮ್ಮೆ ಹೋಗಿಬನ್ನಿ. ನಾನು ಹಾಗೆ ಹೋದ ಕಡೆ ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು, ಗೋಡೆಯ ಮೇಲೆ ಹಿಂದಿನ ಮಳೆಗಾಲದ ಕೆಸರಿನ ಗೆರೆ. ಮಳೆನೀರು ಹರಿಯುವ ರಾಜಕಾಲುವೆ ಮುಚ್ಚಿ ಕಟ್ಟಿದರೆ ಇನ್ನೇನಾದೀತು? ಬೆಳ್ಳಂದೂರು ಕೆರೆ ನೊರೆಯುಕ್ಕಿಸಿ, 2017ರಲ್ಲಿ ಹೊತ್ತಿ ಉರಿದದ್ದನ್ನು ಕಂಡವರು ನಾವು. ಹೊಟ್ಟೆ ಉರಿಯುತ್ತದೆ, ನಿಜ.

ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅಲ್ಲಿ ಕೆರೆಯೋ ಕಾಲುವೆಯೋ ಇತ್ತೇ ಎಂದು ಹಳೆಯ ಗ್ರಾಮ ನಕ್ಷೆಯೊಂದಿಗೆ ತಾಳೆ ನೋಡಿ. 2016ರ ರಿಯಲ್ ಎಸ್ಟೇಟ್ ಕಾಯ್ದೆಯಾದ ರೇರಾ ಪ್ರಕಾರ, ಕರಾರು ನೋಂದಣಿಗೆ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಕೇಳಿದರೆ ಎದ್ದು ಬನ್ನಿ.

ಈಗಾಗಲೇ ಸಿಕ್ಕಿಕೊಂಡವರು ಒಬ್ಬೊಬ್ಬರೇ ಬಿಲ್ಡರ್ ಕಚೇರಿಗೆ ಅಲೆಯಬೇಡಿ. ಅಕ್ಕಪಕ್ಕದವರನ್ನು ಸೇರಿಸಿ ಸಂಘ ಕಟ್ಟಿ, ರೇರಾ ಪ್ರಾಧಿಕಾರಕ್ಕೆ ದೂರು ಕೊಡಿ. ಸ್ವಾಧೀನಕ್ಕೆ ಕೊಟ್ಟ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಉಚಿತವಾಗಿ ಸರಿಪಡಿಸಿಕೊಡುವುದು ಬಿಲ್ಡರ್ ಹೊಣೆ. ಬಿರುಕಿನ ಫೋಟೊ ಇವತ್ತೇ ತೆಗೆದಿಡಿ, ತಾರೀಖು ಕಾಣುವಂತೆ.