ಎರಿ ಸೀಮೆಯ ಹಳೆಯ ಕಾರು: ತಳ ಕಲಿಸಿದ ಪಾಠಗಳು

1. ತುಕ್ಕಿಗಿಂತ ಮೊದಲು ಮಣ್ಣು ತೆಗೆಯಬೇಕು. ಮುಂಡರಗಿ, ಲಕ್ಷ್ಮೇಶ್ವರ ಕಡೆಯ ಎರಿ ಹೊಲಗಳ ದಾರಿಯಲ್ಲಿ ಓಡಾಡಿದ ಅಂಬಾಸಿಡರ್ ಗದಗಿನ ಗ್ಯಾರೇಜಿಗೆ ಬಂದರೆ ನಾನು ಮೊದಲು ಕೈ ಹಾಕುವುದು ಮಡ್‌ಗಾರ್ಡಿನ ಒಳಮೂಲೆಗೆ. ಎರಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಆ ಬಿರುಕಿಗೆ ಮತ್ತೆ ನೀರು ಇಳಿಯುತ್ತದೆ. ಹೊರಗೆ ಕಲ್ಲಿನಂತೆ ಕಂಡರೂ ಒಳಗಿನ ಹೆಂಟೆಗೆ ತೇವ ಇದ್ದೇ ಇರುತ್ತದೆ. ತಗಡು ಸವೆಯುವುದು ಅಲ್ಲೇ. ನೇರವಾಗಿ ಪ್ರೆಶರ್ ನೀರು ಹೊಡೆದರೆ ಮಣ್ಣು ರಾಡಿಯಾಗಿ ಸಿಲ್ ಒಳಗೆ ಸೇರಿಬಿಡುತ್ತದೆ. ಒಣಗಿದ್ದನ್ನು ಮರದ ಚಕ್ಕೆಯಿಂದ ಕೆರೆಯಿರಿ. ಉಳಿದದ್ದಕ್ಕೆ ಒದ್ದೆ ಗೋಣಿತಟ್ಟು ಒತ್ತಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ತೊಳೆಯಿರಿ. ನೀರಿಳಿಯುವ ತೂತುಗಳಿಗೆ ತಂತಿ ಹಾಕಿ ಬಿಡಿಸಿ, ಕಂಪ್ರೆಸರ್ ಗಾಳಿಯಿಂದ ಒಣಗಿಸಿ.

2. ಶಿರಹಟ್ಟಿ ಕಡೆಯಿಂದ ಬಂದ ಕಾರು ಕಣ್ಣಿಗೆ ಮೋಸ ಮಾಡುತ್ತದೆ. ಮಸಾರಿಯ ಕೆಂಪು ಧೂಳು ಗ್ರೀಸಿಗೆ ಅಂಟಿ ತಳವೆಲ್ಲ ತುಕ್ಕು ಹಿಡಿದಂತೆ ತೋರುತ್ತದೆ. ನಿಜವಾದ ತುಕ್ಕು ಅದರೊಳಗೇ ಅಡಗಿರುತ್ತದೆ. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಕೊಳೆತ ತಗಡಿನ ಸದ್ದು ಮಂಕು.

3. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಬಾರದು. ಸ್ಟ್ಯಾಂಡ್ ಇಡಿ.

4. ಅಂಬಾಸಿಡರಿಗೆ, ಪದ್ಮಿನಿಗೆ ಜೀಪಿನಂತೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಹಾಗಾಗಿ ಕೊಳೆತ ಸಿಲ್ ಮೇಲೆ ಫೈಬರ್ ಹಾಸಿ ಪುಟ್ಟಿ ಬಳಿಯುವುದನ್ನು ನಾನು ರಿಪೇರಿ ಎಂದು ಒಪ್ಪುವುದಿಲ್ಲ, ಭಾರ ಹೊರುವ ಜಾಗ ಅದು. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸದು ಬೆಸೆಯಬೇಕು. ಕತ್ತರಿಸುವ ಮೊದಲು ಬಾಡಿಗೆ ಆಸರೆ ಕೊಡಿ, ಇಲ್ಲದಿದ್ದರೆ ತಳ ಬಾಗಿ ಬಾಗಿಲು ಕೂಡುವುದಿಲ್ಲ. ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಅಂಬಾಸಿಡರಿನ ಮುಂದಿನ ಟಾರ್ಶನ್ ಬಾರ್‌ಗೆ ಗ್ರೈಂಡರ್ ತಾಗಿಸಬೇಡಿ, ಬಿಸಿ ಕೊಡಬೇಡಿ. ಸಣ್ಣ ಗೀರಿನಿಂದಲೂ ಬಿರುಕು ಶುರುವಾಗಬಹುದು.

5. ಬಣ್ಣಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಮೇ ಬಿಸಿಲಿಗೆ ಸ್ಪ್ರೇ ಮಾಡಿದ ಬಣ್ಣ ತಗಡು ಮುಟ್ಟುವಷ್ಟರಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. ಮುಂಗಾರಿನಲ್ಲಿ ಗಾಳಿ, ತೇವ ಎರಡೂ. ವೈರ್ ಬ್ರಷ್ ಆಡಿಸಿದ ಮೇಲೆ ಗುಂಡಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಪಾರಿಕ್ ಆಮ್ಲ ಹಚ್ಚಿ, ಪೂರ್ತಿ ತೊಳೆದು ಒಣಗಿಸಿ. ಆಮ್ಲ ಉಳಿದರೆ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ. ಪ್ರೈಮರ್ ಆದ ಮೇಲೆ ಸಂದುಗಳಿಗೆ ಸೀಲರ್, ಆಮೇಲೆ ಚಾಸಿ ಬ್ಲ್ಯಾಕ್. ರೆಡ್ ಆಕ್ಸೈಡ್ ಒಂದನ್ನೇ ಹೊಡೆದು ಬಿಟ್ಟರೆ ನೀರು ತಡೆಯದು.

6. ಚಾಸಿ ನಂಬರಿನ ಮೇಲೆ ಗ್ರೈಂಡರ್ ಆಡಿಸಬೇಡಿ, ದಪ್ಪ ಬಣ್ಣವೂ ಬೇಡ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲೇ ಇರಬೇಕು. ಹೊಸ ತಗಡು ಹಾಕುವ ಮೊದಲೂ ಆಮೇಲೂ ಫೋಟೊ ತೆಗೆದಿಡಿ.

7. ಕೊನೆಗೆ ಡಾಂಬರಿನಂಥ ದಪ್ಪ ಕೋಟಿಂಗ್ ಕೇಳುವವರು ನಮ್ಮಲ್ಲಿ ಬಹಳ. ವರ್ಷ ಕಳೆದಂತೆ ಅದು ಬಿರಿದು, ಸಂದಿನಲ್ಲಿ ನೀರು ಹಿಡಿದು, ಒಳಗಿನ ತುಕ್ಕನ್ನು ಮುಚ್ಚಿಡುತ್ತದೆ. ಪೊಳ್ಳು ಭಾಗಗಳಿಗೆ ಉದ್ದ ನಳಿಗೆಯಿಂದ ವ್ಯಾಕ್ಸ್ ಬಿಡಿ, ನೀರಿಳಿಯುವ ತೂತು ಮಾತ್ರ ಮುಚ್ಚದಿರಲಿ. ಮೊದಲ ಮಳೆಗಾಲ ಮುಗಿದೊಡನೆ ಕಾರು ಎತ್ತಿ ಅವೇ ತೂತುಗಳಿಗೆ ಮತ್ತೆ ತಂತಿ ಹಾಕಿ ನೋಡಿ.