‘ಇನ್’ ಅಂದ್ರೆ ಯಾವಾಗಲೂ ‘ಅಲ್ಲ’ ಅಂತಲ್ಲ

ಪೆಟ್ರೋಲ್ ಟ್ಯಾಂಕರ್‌ಗಳ ಹಿಂದೆ ದೊಡ್ಡ ಅಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುವುದನ್ನು ನಾವೆಲ್ಲ ನೋಡಿದ್ದೇವೆ. ‘ಫ್ಲೇಮ್’ ಅಂದರೆ ಜ್ವಾಲೆ, ಅದರ ಮುಂದೊಂದು ‘ಇನ್’. ಶಾಲೆಯಲ್ಲಿ ಕರೆಕ್ಟ್–ಇನ್‌ಕರೆಕ್ಟ್, ಕಂಪ್ಲೀಟ್–ಇನ್‌ಕಂಪ್ಲೀಟ್ ಅಂತ ವಿರುದ್ಧಪದ ಬಾಯಿಪಾಠ ಮಾಡಿ ಬಂದವರಿಗೆ ‘ಓಹೋ, ಇದಕ್ಕೆ ಬೆಂಕಿ ಹತ್ತಲ್ಲ’ ಅನ್ನಿಸಿದರೆ ತಪ್ಪೇನು? ಆದರೆ ಅರ್ಥ ಪೂರ್ತಿ ಉಲ್ಟಾ: ಥಟ್ಟನೆ ಹೊತ್ತಿಕೊಳ್ಳುವಂಥದ್ದು.

ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬಂದ ‘ಇನ್’ ಒಂದಲ್ಲ, ಎರಡು. ಮೊದಲನೆಯದು ಅಸಾಧ್ಯ, ಅಪೂರ್ಣ ಎನ್ನುವಾಗಿನ ನಮ್ಮ ‘ಅ’ ಇದ್ದ ಹಾಗೆ. ಇನ್ನೊಂದರ ಅರ್ಥ ‘ಒಳಗೆ, ಒಳಕ್ಕೆ’. ಇನ್‌ಫ್ಲೇಮಬಲ್‌ನಲ್ಲಿರುವುದು ಈ ಎರಡನೆಯದು. ‘ಇನ್‌ಫ್ಲೇಮ್’ ಅಂದರೆ ಹೊತ್ತಿಸು. ಇಂಗ್ಲಿಷ್ ಮಾತೃಭಾಷೆಯವರೂ ಇಲ್ಲಿ ಎಡವಬಹುದೆಂದು ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲೇ ‘ಫ್ಲೇಮಬಲ್’ ಪದವನ್ನು ಬಳಕೆಗೆ ತರಲು ಒತ್ತಾಯಿಸಿತು. ಎರಡು ಪದಕ್ಕೂ ಅರ್ಥ ಒಂದೇ. ಬೆಂಕಿ ಹತ್ತದ್ದು ‘ನಾನ್‌ಫ್ಲೇಮಬಲ್’. ಲ್ಯಾಬಿನ ಅಸಿಟೋನ್ ಬಾಟಲಿಯ ಮೇಲೆ ಮೊದಲೆರಡರಲ್ಲಿ ಯಾವುದಿದ್ದರೂ ಬರ್ನರ್‌ನಿಂದ ದೂರವಿಡಿ.

‘ಇನ್‌ವ್ಯಾಲ್ಯುಯಬಲ್’ನಲ್ಲಿ ಇರುವುದು ‘ಅಲ್ಲ’ದ ಇನ್ನೇ. ಆದರೂ ಬೆಲೆ ಇಲ್ಲದ್ದು ಎಂದಲ್ಲ, ಬೆಲೆ ಕಟ್ಟಲಾಗದ್ದು. ಇದು ನಮಗೆ ಕಷ್ಟವಾಗಬಾರದು. ‘ಅಮೂಲ್ಯ’ವನ್ನು ನಾವೂ ಹಾಗೇ ತಾನೆ ಬಳಸೋದು!

ನಮ್ಮ ಸಿಲಬಸ್ಸಿನೊಳಗೂ ಇವು ಇವೆ. ಇಂಡಕ್ಟನ್ಸ್, ಇಂಪೀಡನ್ಸ್ ಎರಡೂ 1886ರಲ್ಲಿ ಆಲಿವರ್ ಹೆವಿಸೈಡ್ ಬಳಕೆಗೆ ತಂದ ಪದಗಳು. ಮೊದಲನೆಯದರ ಮೂಲ ‘ಒಳಕ್ಕೆ ನಡೆಸು’. ಎರಡನೆಯದರಲ್ಲಿ ಪಾದ ಎಂಬರ್ಥದ ಲ್ಯಾಟಿನ್ ಪದವಿದೆ, ಕಾಲಿಗೆ ತೊಡರು ಹಾಕಿದ ಹಾಗೆ. ‘ಪ’ ಎದುರಾದಾಗ ‘ಇನ್’ ಹೋಗಿ ‘ಇಮ್’ ಆಗಿದೆ. ಕನ್ನಡದಲ್ಲಿ ಬರೆದರೆ ಇದು ಗೊತ್ತೇ ಆಗಲ್ಲ, ಎರಡಕ್ಕೂ ಒಂದೇ ಸೊನ್ನೆ! ಆದರೆ ಗಟ್ಟಿಯಾಗಿ ಓದಿ ನೋಡಿ; ‘ಸಂತೋಷ’ದಲ್ಲಿ ನ್, ‘ಸಂಪತ್ತು’ವಿನಲ್ಲಿ ಮ್ ಬರುವ ಹಾಗೇ ನಾಲಿಗೆ ತಾನಾಗಿ ಹೊರಳುತ್ತದೆ.

ಇನ್ನು ‘ಇನ್ಸುಲೇಟರ್’. ಇಲ್ಲಿ ‘ಅಲ್ಲ’ವೂ ಇಲ್ಲ, ‘ಒಳಗೆ’ಯೂ ಇಲ್ಲ. ಲ್ಯಾಟಿನ್‌ನ ‘ಇನ್ಸುಲಾ’ ಅಂದರೆ ದ್ವೀಪ. ಸುತ್ತಲಿನ ಸಂಪರ್ಕ ಕಡಿದು ಒಂದನ್ನು ದ್ವೀಪದಂತೆ ಬೇರೆಯಾಗಿಡುವುದು ಇನ್ಸುಲೇಷನ್. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ನಿನ ಹೆಸರೂ ಅಲ್ಲಿಂದಲೇ ಬಂದದ್ದು, ಯಾಕಂದ್ರೆ ಅದು ಹುಟ್ಟುವುದು ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಗುಂಪುಗುಂಪಾಗಿರುವ ಜೀವಕೋಶಗಳಲ್ಲಿ.