ಕೇಶಾಲಂಕಾರದ ಉದ್ಯೋಗ: ತಾಯಿತಂದೆಗಳ ವಿಚಾರಕ್ಕೆ



ಹತ್ತನೆಯ ತರಗತಿಯು ಮುಗಿಯುವ ಕಾಲಕ್ಕೆ, ಮಗಳನ್ನು ಯಾವ ವಿದ್ಯೆಗೆ ಹಚ್ಚಬೇಕೆಂದು ವಿಚಾರಿಸುವದಕ್ಕೆ ಪ್ರತಿವರುಷವೂ ಅನೇಕರು ನಮ್ಮ ಬಳಿಗೆ ಬರುವದುಂಟು. ಉಪಾಧ್ಯಾಯಿನಿಯ ಕೆಲಸವೆಂದರೆ ಎಲ್ಲರೂ ಒಪ್ಪುವರು. ದಾದಿಯ ಕೆಲಸವೆಂದರೆ ಸ್ವಲ್ಪ ಆಲೋಚಿಸಿ ಒಪ್ಪುವರು. ಆದರೆ ಕೂದಲನ್ನು ಕತ್ತರಿಸಿ ಸಿಂಗರಿಸುವ ಕಸಬನ್ನು ಕಲಿಯುವೆನೆಂದು ಹುಡುಗಿಯು ಹೇಳಿದರೆ ಮಾತು ಅಲ್ಲಿಗೇ ನಿಂತುಹೋಗುವದು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳರು, ನಾವೇ ಹೇಳಿಬಿಡುವೆವು. ನಮ್ಮ ದೇಶದಲ್ಲಿ ಕ್ಷೌರವು ಕೆಲವು ಜಾತಿಗಳವರ ಪಾಲಿಗೆ ಬಿಟ್ಟ ಕೆಲಸವಾಗಿತ್ತು. ಅವರ ಸೇವೆಯನ್ನು ತಪ್ಪದೆ ಪಡೆದವರೇ ಅವರನ್ನು ಕೀಳಾಗಿ ಕಂಡರು. ಈ ದೋಷವು ಹಾಗೆ ಕಂಡವರದೇ ಹೊರತು ಕತ್ತರಿಯದಲ್ಲ.

ಈ ಕಸಬು ಒಬ್ಬ ಹೆಣ್ಣುಮಗಳನ್ನು ಎಲ್ಲಿಯ ವರೆಗೆ ಮುಟ್ಟಿಸಬಲ್ಲದೆಂಬದಕ್ಕೆ ಮಾರ್ಥಾ ಮಟಿಲ್ಡಾ ಹಾರ್ಪರ್ ಎಂಬಾಕೆಯ ಚರಿತ್ರೆಯು ಒಳ್ಳೇ ದೃಷ್ಟಾಂತವಾಗಿದೆ. ಈಕೆಯು 1857ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಏಳು ವರುಷದವಳಾಗಿರುವಾಗಲೇ ಮನೆಗೆಲಸದ ಚಾಕರಿಗೆ ಕಳುಹಿಸಲ್ಪಟ್ಟಳು. 1882ರಲ್ಲಿ ಅಮೇರಿಕದ ರೋಚೆಸ್ಟರ್ ಪಟ್ಟಣಕ್ಕೆ ಬಂದಾಗಲೂ ಅದೇ ಚಾಕರಿ. ಕೂಡಿಟ್ಟ 360 ಡಾಲರುಗಳಿಂದ 1888ರಲ್ಲಿ ಅಲ್ಲಿಯ ಪವರ್ಸ್ ಕಟ್ಟಡದಲ್ಲಿ ಅಂಗಡಿಯನ್ನು ತೆರೆದಳು. ಆ ಕಾಲದಲ್ಲಿ ಕುಲೀನ ಸ್ತ್ರೀಯರು ತಲೆಗೂದಲನ್ನು ಮನೆಯಲ್ಲಿಯೇ ಸೇವಕಿಯರಿಂದ ಬಾಚಿಸಿಕೊಳ್ಳುತ್ತಿದ್ದರಾದಕಾರಣ, ಅಂಗಡಿಗೆ ಹೋಗುವದು ಅವರಿಗೆ ಸಂಕೋಚದ ಸಂಗತಿಯಾಗಿತ್ತು. ಕಟ್ಟಡದ ಒಡೆಯನೂ ಹಿಂದೆಮುಂದೆ ನೋಡಿದನು. ವಕೀಲರ ಮೂಲಕ ಅವನನ್ನು ಒಪ್ಪಿಸಬೇಕಾಯಿತು.

ಮಾರ್ಥಳ ಕೂದಲು ಪಾದಗಳ ವರೆಗೂ ಇಳಿಯುತ್ತಿತ್ತು. ಆ ಚಿತ್ರವನ್ನೇ ಬಾಗಿಲಿಗೆ ತೂಗಹಾಕಿದಳು. ನೆರೆಯ ಕೋಣೆಯಲ್ಲಿ ಸಂಗೀತದ ಪಾಠ ನಡೆಯುತ್ತಿರಲು, ಮಕ್ಕಳಿಗಾಗಿ ಕಾಯುವ ತಾಯಂದಿರನ್ನು ತನ್ನಲ್ಲಿ ಕುಳ್ಳಿರಬಹುದೆಂದು ಕರೆದಳು, ಕುಳಿತವರು ಗಿರಾಕಿಗಳಾದರು. ಸ್ತ್ರೀಯರ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಥನಿಯವರೂ ಅಲ್ಲಿಗೆ ಬರುತ್ತಿದ್ದರು. ಗಿರಾಕಿಯು ಹಿಂದಕ್ಕೆ ಒರಗಿಕೊಂಡಿರುವಾಗ, ಸಾಬೂನು ಕಣ್ಣಿಗಿಳಿಯದಂತೆ ತಲೆ ತೊಳೆಯುವ ಕುರ್ಚಿಯನ್ನು ಆಕೆ ಮಾಡಿಸಿ ಬಳಕೆಗೆ ತಂದಳು.

ಆದರೆ ನಾವು ಹೆಚ್ಚಾಗಿ ಮೆಚ್ಚುವದು ಬೇರೊಂದನ್ನು. 1891ರಿಂದ ಬೇರೆ ಪಟ್ಟಣಗಳಲ್ಲಿ ಅಂಗಡಿಗಳು ಏಳತೊಡಗಿದಾಗ, ಅವುಗಳನ್ನು ಹಣವಂತರಿಗೆ ಕೊಡದೆ, ತನ್ನಂತೆ ಚಾಕರಿ ಮಾಡಿದ್ದ ಹೆಂಗಸರಿಗೇ ಮೊದಲು ಕೊಟ್ಟಳು. ಅವರು ಆಕೆಯ ಕ್ರಮವನ್ನು ಕಲಿತು, ಆಕೆಯ ಹೆಸರಿನಲ್ಲಿ, ಆಕೆಯ ಸಾಮಗ್ರಿಗಳಿಂದ ಕೆಲಸ ನಡಿಸಬೇಕು. ಅಂಗಡಿ ಮಾತ್ರ ಅವರ ಸ್ವಂತದ್ದು. ಒಂದು ಕಾಲಕ್ಕೆ ಇಂಥ ಅಂಗಡಿಗಳು ಸುಮಾರು 500 ಇದ್ದವು. ಆಕೆಯು 1950ರಲ್ಲಿ ತೀರಿಕೊಂಡಳು.

ಹಾರ್ಪರಳ ಕ್ರಮವು ತಲೆಯ ಚರ್ಮವನ್ನು ತೊಳೆದು, ತಿಕ್ಕಿ, ಕೂದಲನ್ನು ಬ್ರಷ್ಷಿನಿಂದ ಬಾಚುವದಾಗಿತ್ತು. ಬಣ್ಣ ಮುಂತಾದ ತೀಕ್ಷ್ಣ ದ್ರವ್ಯಗಳನ್ನು ಆಕೆ ಒಲ್ಲಳು. ಈಗಿನ ಪಾರ್ಲರುಗಳ ಆದಾಯವಾದರೋ ಬಹುಮಟ್ಟಿಗೆ ಅವುಗಳಿಂದಲೇ. ಆದುದರಿಂದ ಈಗಿನ ಹುಡುಗಿಗೆ ರಸಾಯನಶಾಸ್ತ್ರವು ಬೇಕೇ ಬೇಕು (ಆ ಪಾಠದಲ್ಲಿ ನಿದ್ರಿಸಿದವರು ಇದನ್ನು ಗಮನಿಸಲಿ!). ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆಗಳನ್ನು ಗಂಧಕದ ಬಂಧಗಳು ಹಿಡಿದಿರುವವು. ಕೂದಲನ್ನು ಗುಂಗುರು ಮಾಡುವ ಮೊದಲನೆಯ ದ್ರವವು ಈ ಬಂಧಗಳನ್ನು ಬಿಡಿಸುವದು. ಎರಡನೆಯದು ಹೊಸ ಆಕಾರದಲ್ಲಿ ಪುನಃ ಕೂಡಿಸುವದು. ಗಡಿಯಾರವನ್ನು ಮರೆತವಳ ಕೈಯಲ್ಲಿ ಕೂದಲು ತುಂಡಾಗಿ ಬರುವದು. ಅನೇಕ ಕಪ್ಪು ಬಣ್ಣಗಳಲ್ಲಿರುವ ಪಿಪಿಡಿ ಎಂಬ ದ್ರವ್ಯದಿಂದ ಕೆಲವರ ಮುಖವು ಊದಿಕೊಳ್ಳುವದು. ಆದಕಾರಣ 48 ಗಂಟೆ ಮುಂಚೆ ಚರ್ಮಕ್ಕೆ ಒಂದಿಷ್ಟು ಹಚ್ಚಿ ಪರೀಕ್ಷಿಸತಕ್ಕದ್ದು. ನಾಳೆ ಮದುವೆ, ಇಂದೇ ಹಚ್ಚಬೇಕೆಂದು ಗಿರಾಕಿಯು ಹಟ ಹಿಡಿದರೆ, ಆಗದೆಂದು ಹೇಳುವ ಧೈರ್ಯ ಬೇಕು. ದಿನವೆಲ್ಲಾ ನೀರಿನಲ್ಲಿರುವ ಕೈಗಳು ಬಿರಿಯುವವು. ಕೈಚೀಲ ಹಾಕುವದಕ್ಕೆ ನಾಚಬಾರದು. ಬಾಚಣಿಗೆ, ಕತ್ತರಿ, ತುವಾಲುಗಳನ್ನು ಒಬ್ಬರಿಗೆ ಬಳಸಿದ ಮೇಲೆ ಶುದ್ಧಮಾಡದೆ ಇನ್ನೊಬ್ಬರಿಗೆ ಮುಟ್ಟಿಸಿದರೆ, ಹೇನು, ಹುಳಕಡ್ಡಿಗಳು ಊರೆಲ್ಲಾ ಹಬ್ಬುವವು.

ಕಲಿತೊಡನೆ ಸಾಲ ಮಾಡಿ ಅಂಗಡಿಯನ್ನು ತೆರೆಯುವದು ನಮಗೆ ಸರಿದೋರದು. ಎರಡು ಮೂರು ವರುಷ ಅನುಭವಸ್ಥರ ಕೈಕೆಳಗೆ ದುಡಿದು, ಗಿರಾಕಿಯೊಡನೆ ಮಾತಾಡುವದನ್ನೂ ಲೆಕ್ಕವಿಡುವದನ್ನೂ ಕಲಿಯಲಿ. ಮದುವೆಯ ತಿಂಗಳುಗಳಲ್ಲಿ ಉಸಿರಾಡುವದಕ್ಕೂ ಬಿಡುವಿರದು. ಆಷಾಢದಲ್ಲಿ ಕುರ್ಚಿಗಳು ಬರಿದಾಗುವವು. ಬಾಡಿಗೆಗೆ ಮಾತ್ರ ಆಷಾಢವಿಲ್ಲ. ಆದುದರಿಂದ ಅಂಗಡಿಯ ಹಣವನ್ನು ಮನೆಯ ಹಣದಿಂದ ಪ್ರತ್ಯೇಕವಾಗಿಡಬೇಕು.

ಸರಕಾರದ ಕೈಗಾರಿಕಾ ತರಬೇತಿಯ ಕಸಬುಗಳಲ್ಲಿ ಈ ವಿದ್ಯೆಯೂ ಸೇರಿದೆ. ಹತ್ತನೆಯ ತರಗತಿ ಮುಗಿಸಿದವರಿಗೆ ಒಂದು ವರುಷದ ಶಿಕ್ಷಣ. ಖಾಸಗಿ ಶಾಲೆಗಳಾದರೋ ಬೀದಿಬೀದಿಗೆ ಇವೆ. ಹಣ ಕಟ್ಟುವದಕ್ಕೆ ಮುಂಚೆ, ಅಲ್ಲಿಯ ಹುಡುಗಿಯರು ನಿಜವಾದ ತಲೆಗಳ ಮೇಲೆ ಕೆಲಸ ಮಾಡುವರೋ, ಬರೇ ಗೊಂಬೆಯ ತಲೆಗಳ ಮೇಲೋ ಎಂಬದನ್ನು ವಿಚಾರಿಸಿರಿ. ಮಗಳೊಡನೆ ತಾಯಿಯೂ ಹೋಗಿ ಒಂದು ಮಧ್ಯಾಹ್ನ ಕುಳಿತು ನೋಡಿಬರಲಿ.